ಹೆಸರು ಒಂದೇ, ವಿಮಾನ ಬೇರೆ

ಮದುವೆ ಮನೆಯಲ್ಲಿ ನಮ್ಮವರು ಸಿಕ್ಕಿದರೆ ಕೇಳುವ ಮೊದಲ ಪ್ರಶ್ನೆ, "ನೀನು ವಿಮಾನದ ಕೆಲಸದಲ್ಲಿದ್ದೀಯಂತೆ, ಯಾವ ವಿಮಾನ?" ಗಲ್ಫಿಗೆ ಹೋಗಿ ಬರುವ ದೊಡ್ಡ ವಿಮಾನದ ಹೆಸರನ್ನೇನೋ ಹೇಳುತ್ತೇನೆ ಎಂದು ಕಾಯುತ್ತಾರೆ. ಎಂಟು ಹತ್ತು ಜನ ಕೂರುವ ಸಣ್ಣ ಜೆಟ್ಟು, ಹಾಕರ್ ಎಂದು ಹೆಸರು ಅಂದರೆ "ಓ, ಸಾಹುಕಾರರ ವಿಮಾನವಾ" ಎಂದು ಮಾತು ಮುಗಿಸುತ್ತಾರೆ. "ಯಾವ ಹಾಕರ್?" ಎಂದು ಯಾರೂ ಕೇಳುವುದಿಲ್ಲ. ನನ್ನ ಸಂಬಳ ಇರುವುದೇ ಆ ಎರಡನೇ ಪ್ರಶ್ನೆಯಲ್ಲಿ.

ಈಗ ಇದನ್ನು ಬರೆಯುವುದಕ್ಕೆ ಮನೆಯದೇ ಕಾರಣವಿದೆ. ಮಾಲಗಾಂವದಲ್ಲಿರುವ ನನ್ನ ಅಕ್ಕನ ಮಗನಿಗೆ ವಿಮಾನ ರಿಪೇರಿ ಕಲಿಯಬೇಕಂತೆ. ಫೀಸು ಲಕ್ಷಗಳಲ್ಲಿದೆ. ಉಪ್ಪನ ಅಂಗಡಿಗೆ ಎರಡು ಶಟರ್. ಒಂದನ್ನು ಕೊಟ್ಟು ಹುಡುಗನನ್ನು ಓದಿಸೋಣವೇ ಎಂದು ಮನೆಯಲ್ಲಿ ಚರ್ಚೆ. ಆ ಕ್ಷೇತ್ರದಲ್ಲಿರುವವನು ನೀನೊಬ್ಬನೇ, ಹೌದೋ ಅಲ್ಲವೋ ನೀನೇ ಹೇಳು ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಇಂಥದ್ದೇ ಲೆಕ್ಕಾಚಾರ ನಡೆಯುತ್ತಿರುವ ಮನೆಗಳು ನಮ್ಮಲ್ಲಿ ಇನ್ನೂ ಇರಬಹುದು. ಅದಕ್ಕೇ ಇದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಮಾಲಗಾಂವ ಎಂದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಮಿರಜ್ ತಾಲೂಕು. ವೀಳ್ಯದೆಲೆಯ ತೋಟಗಳ ಸೀಮೆ. ಉಪ್ಪ ಬಂಟ್ವಾಳದ ಕಡೆಯವರು. ನಾನು ಹುಟ್ಟುವ ಮೊದಲೇ ಅಡಿಕೆ ಚೀಲಗಳ ಹಿಂದೆ ಅಲ್ಲಿಗೆ ಹೋದವರು. ಎಲೆ ಇರುವಲ್ಲಿ ಅಡಿಕೆಯೂ ಬೇಕಲ್ಲ. ಅಡಿಕೆಯಿಂದ ಶುರುವಾದದ್ದು ಆಮೇಲೆ ಜಿನಸಿ ಅಂಗಡಿಯಾಯಿತು. ನಾನು ಏಳನೆಯವರೆಗೆ ಬಂಟ್ವಾಳದ ಅಜ್ಜಿ ಮನೆಯಲ್ಲಿದ್ದು ಕನ್ನಡದಲ್ಲಿ ಓದಿ, ಆಮೇಲೆ ಮಿರಜ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದೆ. ಮಿರಜ್‌ನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದವನು ಇಲ್ಲೇ ಉಳಿದೆ. 2008ರ ಮೇ ತಿಂಗಳಲ್ಲಿ ದೊಡ್ಡ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ಮೇಲೆ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಸೇನೆ, ಎಚ್‌ಎಎಲ್ ಮತ್ತು ಖಾಸಗಿ ಜೆಟ್‌ಗಳ ಓಡಾಟ ಉಳಿಯಿತು. ಆ ಕಡೆಯ ಒಂದು ಹ್ಯಾಂಗರ್‌ನ ಸ್ಟೋರ್ಸ್‌ನಲ್ಲಿ ನನ್ನ ಕೆಲಸ. ಮೆಕ್ಯಾನಿಕ್ ಬಂದು ಬಿಡಿಭಾಗ ಕೇಳುತ್ತಾನೆ, ನಾನು ನೋಡಿ ಕೊಡುತ್ತೇನೆ. ಒಟ್ಟಿನಲ್ಲಿ ನಾನೂ ಗಲ್ಲೆಯಲ್ಲಿ ಕೂತವನೇ.

ಉಪ್ಪನ ಗಲ್ಲೆಯಲ್ಲಿ ಕಲಿತ ಒಂದು ಪಾಠ ಇಲ್ಲಿ ದಿನವೂ ಉಪಯೋಗಕ್ಕೆ ಬರುತ್ತದೆ. ಬರೀ "ಅಡಿಕೆ" ಎಂದು ಬರೆದ ಚೀಟಿಗೆ ದರ ಹೇಳಲು ಆಗುವುದಿಲ್ಲ. ಹೊಸ ಚಾಲಿಯೋ ಹಳೆ ಚಾಲಿಯೋ, ಪಟೋರವೋ, ಉಳ್ಳಿಗಡ್ಡೆಯೋ, ಕರಿಗೋಟೋ ಹೇಳಬೇಕು. ಮರ ಒಂದೇ ಇರಬಹುದು, ಚೀಲ ಬೇರೆ. ಹಳೆಯ ಬಿಸಿನೆಸ್ ಜೆಟ್‌ಗಳ ಕಥೆಯೂ ಹೀಗೆಯೇ. ವ್ಯತ್ಯಾಸವೆಂದರೆ, ಅಡಿಕೆಯಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ, ಇಲ್ಲಿ ತಪ್ಪಿದರೆ ಹೋಗುವುದು ದುಡ್ಡೊಂದೇ ಅಲ್ಲ.

ಮೊದಲು ನಮ್ಮ ಬೆಂಗಳೂರಿನದ್ದೇ ಒಂದು ಉದಾಹರಣೆ. ಎಚ್‌ಎಎಲ್ ತಯಾರಿಸಿದ ಕಿರಣ್ ತರಬೇತಿ ವಿಮಾನ 1964ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು. ಕಿರಣ್ ಮಾರ್ಕ್ 1ರಲ್ಲಿ ಇದ್ದದ್ದು ವೈಪರ್ ಎಂಜಿನ್. ಬೀದರಿನ ಸೂರ್ಯಕಿರಣ್ ತಂಡ ಆಕಾಶದಲ್ಲಿ ಕಸರತ್ತು ಮಾಡುತ್ತಿದ್ದದ್ದು ಕಿರಣ್ ಮಾರ್ಕ್ 2ರಲ್ಲಿ. ಅದರಲ್ಲಿದ್ದದ್ದು ಆರ್ಫಿಯಸ್ ಎಂಜಿನ್. ಕೆಳಗೆ ನಿಂತು ಚಪ್ಪಾಳೆ ಹೊಡೆಯುವವರಿಗೆ ಎರಡೂ ಕಿರಣ್. ಎಂಜಿನ್ ಬಿಚ್ಚುವವನಿಗೆ ಎರಡೂ ಬೇರೆ ಬೇರೆ ವಿಮಾನ.

ಈ ವೈಪರ್ ಎಂಜಿನ್ನಿನ ಸಂಬಂಧಿಕರೇ ನಾನು ಹೇಳಹೊರಟ ಹಾಕರ್‌ನ ಅಜ್ಜನಲ್ಲೂ ಇದ್ದರು. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಡಿಎಚ್ 125 ಎಂಬ ಸಣ್ಣ ಜೆಟ್ 1962ರ ಆಗಸ್ಟ್ 13ರಂದು ಮೊದಲು ಹಾರಿತು. ಕಂಪನಿ ಕೈ ಬದಲಾದ ಹಾಗೆ ವಿಮಾನದ ಹೆಸರೂ ಬದಲಾಯಿತು. ಎಚ್‌ಎಸ್ 125 ಆಯಿತು, ಬಿಎಇ 125 ಆಯಿತು. 1993ರಲ್ಲಿ ಅಮೆರಿಕದ ರೇಥಿಯಾನ್ ಕೊಂಡುಕೊಂಡ ಮೇಲೆ ಹಾಕರ್ ಎಂಬ ಹೆಸರು ಗಟ್ಟಿಯಾಯಿತು. 2007ರಲ್ಲಿ ಹಾಕರ್ ಬೀಚ್‌ಕ್ರಾಫ್ಟ್ ಕಂಪನಿ ಬಂತು, 2012ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಅಲ್ಲಿಗೆ ಜೆಟ್ ತಯಾರಿಯೂ ನಿಂತಿತು. ಸುಮಾರು ಐವತ್ತು ವರ್ಷ ಒಂದೇ ವಂಶ ನಡೆಯಿತು ಎನ್ನಬಹುದು. ಭಾರತದಲ್ಲೂ ಈ ವಂಶದ 800 ಎಕ್ಸ್‌ಪಿ, 850 ಎಕ್ಸ್‌ಪಿ, 900 ಎಕ್ಸ್‌ಪಿ ಎಲ್ಲ ಹಾರಿವೆ.

ಹೊರಗಿನಿಂದ ನೋಡಿದರೆ ತಂದೆ ಮಕ್ಕಳ ಹಾಗೆ ಒಂದೇ ಮುಖ. ಬಾಗಿಲು ತೆರೆದು ಒಳಗೆ ನೋಡಿದರೆ ಗೊತ್ತಾಗುವುದು.

600ನೇ ಸರಣಿಯವರೆಗೆ ವೈಪರ್ ಎಂಜಿನ್. ಅದು ಟರ್ಬೊಜೆಟ್, ಒಳಗೆ ಹೋದ ಗಾಳಿಯೆಲ್ಲ ಬೆಂಕಿಯ ಗೂಡಿನ ಮೂಲಕವೇ ಹೊರಗೆ ಬರಬೇಕು. ಸದ್ದು ವಿಪರೀತ, ಇಂಧನವೂ ಹೆಚ್ಚು. 1976ರಲ್ಲಿ ಬಂದ 700ನೇ ಸರಣಿಯಲ್ಲಿ ಅಮೆರಿಕದ ಗ್ಯಾರೆಟ್ ಕಂಪನಿಯ ಟಿಎಫ್‌ಇ 731 ಎಂಬ ಟರ್ಬೊಫ್ಯಾನ್ ಹಾಕಿದರು. ಮುಂದಿನ ಫ್ಯಾನ್ ಎಳೆದುಕೊಂಡ ಗಾಳಿಯಲ್ಲಿ ಹೆಚ್ಚಿನ ಪಾಲು ಬೆಂಕಿಯ ಗೂಡಿಗೆ ಹೋಗದೆ ಅದರ ಸುತ್ತಿನಿಂದಲೇ ಹಿಂದಕ್ಕೆ ಹೋಗುತ್ತದೆ. ಸದ್ದು ಇಳಿಯಿತು, ಅದೇ ಇಂಧನದಲ್ಲಿ ಹೆಚ್ಚು ದೂರ ಹೋಗಲು ಸಾಧ್ಯವಾಯಿತು. ಈ ಸದ್ದಿನ ವಿಷಯ ಸಣ್ಣದಲ್ಲ. ಅಮೆರಿಕದಲ್ಲಿ 2015ರ ಡಿಸೆಂಬರ್ 31ರ ನಂತರ ಹಳೆಯ ಗದ್ದಲದ ಜೆಟ್‌ಗಳು ಹಾರಬಾರದು ಎಂದು ಕಾನೂನು ಬಂತು. ವೈಪರ್ ಇದ್ದ 125 ಮೂಲೆಗೆ ಸರಿಯಿತು, ಟಿಎಫ್‌ಇ ಇದ್ದ 125 ಹಾರುತ್ತಲೇ ಇತ್ತು. ಇನ್ನೊಂದು ತಮಾಷೆ ಇದೆ. ವೈಪರ್ ಕಾಲದ ಕೆಲವು ವಿಮಾನಗಳಿಗೆ ಆಮೇಲೆ ಎಂಜಿನ್ ಬದಲಾಯಿಸಿ ಟಿಎಫ್‌ಇ ಕೂರಿಸಿದರು. ಆದ್ದರಿಂದ ವಯಸ್ಸು ನೋಡಿಯೂ ಒಳಗೆ ಯಾವ ಎಂಜಿನ್ ಇದೆ ಎಂದು ಹೇಳಲು ಬರುವುದಿಲ್ಲ.

1983ರಲ್ಲಿ 800 ಹಾರಿತು. ಮುಂದಿನ ಗಾಜು ಬಾಗಿದ ಆಕಾರಕ್ಕೆ ಬದಲಾಯಿತು, ರೆಕ್ಕೆ ತುದಿಯಿಂದ ತುದಿಗೆ 14.3 ಮೀಟರ್ ಇದ್ದದ್ದು 15.7 ಮೀಟರ್ ಆಯಿತು, ಪೈಲಟ್ ಮುಂದಿನ ಮುಳ್ಳಿನ ಗಡಿಯಾರಗಳ ಜಾಗಕ್ಕೆ ಟಿವಿಯಂಥ ಪರದೆಗಳು ಬಂದವು. ಎಂಜಿನ್ ಹೆಸರು ಟಿಎಫ್‌ಇ 731 ಎಂದೇ ಉಳಿಯಿತು, ಆದರೆ ಹಿಂದೆ ಅಂಟಿದ ಅಂಕೆ ಬದಲಾಯಿತು. 700ರಲ್ಲಿ 3, 800ರಲ್ಲಿ 5ಆರ್, 1995ರ 800 ಎಕ್ಸ್‌ಪಿಯಲ್ಲಿ 5ಬಿಆರ್, 900 ಎಕ್ಸ್‌ಪಿಯಲ್ಲಿ 50ಆರ್. ಎಂಜಿನ್ ತಳ್ಳುವ ಶಕ್ತಿ 3,700 ಪೌಂಡಿನಿಂದ 4,300ಕ್ಕೆ, ಅಲ್ಲಿಂದ 4,660ಕ್ಕೆ ಏರಿತು. 5ಬಿಆರ್ ಮತ್ತು 50ಆರ್ ಎರಡಕ್ಕೂ ಪುಸ್ತಕದಲ್ಲಿ 4,660 ಎಂದೇ ಇದೆ. ಹಾಗಾದರೆ ಏನು ವ್ಯತ್ಯಾಸ? ಬಿಸಿಲೇರಿದ ಹಾಗೆ ಗಾಳಿ ತೆಳುವಾಗುತ್ತದೆ, ಎಂಜಿನ್ ಸೋಲುತ್ತದೆ. 50ಆರ್ ಹೆಚ್ಚು ಸೆಕೆಯಲ್ಲೂ ಆ ಶಕ್ತಿಯನ್ನು ಬಿಟ್ಟುಕೊಡುವುದಿಲ್ಲ. ನಮ್ಮಂಥ ಸೆಕೆಯ ದೇಶದಲ್ಲಿ ಇದಕ್ಕೆ ಬೆಲೆ ಇದೆ.

800ರಲ್ಲಿ ಥ್ರಸ್ಟ್ ರಿವರ್ಸರ್, ಅಂದರೆ ಇಳಿದ ಮೇಲೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ, ಬೇಕಾದವರು ಹಾಕಿಸಿಕೊಳ್ಳುವಂಥದ್ದು. 800 ಎಕ್ಸ್‌ಪಿಯಲ್ಲಿ ಅದು ವಿಮಾನದ ಜೊತೆಗೇ ಬಂತು. ರೆಕ್ಕೆಯ ಮೇಲಿದ್ದ ಬೇಲಿಯಂಥ ತಗಡು ಹೋಗಿ, ಮುಂದಿನ ಅಂಚಿನ ಕೆಳಗೆ ಸಣ್ಣ ಹಲ್ಲಿನಂಥ ತುಂಡುಗಳು ಬಂದವು. 850 ಎಕ್ಸ್‌ಪಿಯಲ್ಲಿ ರೆಕ್ಕೆಯ ತುದಿ ಮೇಲಕ್ಕೆ ಬಾಗಿತು. 750ರಲ್ಲಿ ಹೊಟ್ಟೆಯ ಕೆಳಗಿನ ಇಂಧನ ಟ್ಯಾಂಕು ತೆಗೆದು ಅಲ್ಲಿ ಲಗೇಜು ಇಡುವ ಜಾಗ ಮಾಡಿದರು. ಪೆಟ್ಟಿಗೆಗೆ ಜಾಗ ಸಿಕ್ಕಿತು, ಹೋಗುವ ದೂರ ಕಡಿಮೆಯಾಯಿತು.

ಈ ವಂಶದ ಒಂದು ಗುರುತು ಮಂಜುಗಡ್ಡೆಗೆ ಸಂಬಂಧಿಸಿದ್ದು. ಮೇಲೆ ಮೋಡದಲ್ಲಿ ರೆಕ್ಕೆಗೆ ಮಂಜು ಕಟ್ಟದ ಹಾಗೆ ಲಿಯರ್‌ಜೆಟ್ 35ರಲ್ಲಿ ಎಂಜಿನ್ನಿನ ಬಿಸಿ ಗಾಳಿಯನ್ನು ರೆಕ್ಕೆಯೊಳಗೆ ಹಾಯಿಸುತ್ತಾರೆ. ಹಳೆಯ ಸೈಟೇಷನ್ 2ರಲ್ಲಿ ರೆಕ್ಕೆಯಂಚಿನ ರಬ್ಬರು ಉಬ್ಬಿ ಮಂಜನ್ನು ಒಡೆಯುತ್ತದೆ. 125ರಲ್ಲಿ ರೆಕ್ಕೆಯ ಅಂಚೇ ಬೆವರುತ್ತದೆ! ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಲೋಹದ ಪಟ್ಟಿಯಿಂದ ಗ್ಲೈಕಾಲ್ ದ್ರವ ಜಿನುಗುತ್ತದೆ. ಬೇರೆ ವಿಮಾನದಲ್ಲಿ ಪಳಗಿದವನು ಬಂದು ಹೊಳಪಿಗೆಂದು ಅಲ್ಲಿ ಮೇಣ ಉಜ್ಜಿದರೆ ರಂಧ್ರ ಮುಚ್ಚಿಹೋಗುತ್ತದೆ. ಒಳ್ಳೆಯ ಕೆಲಸಗಾರನೇ ಆದರೂ ಇನ್ನೊಂದು ಜಾತಿಯ ವಿಮಾನದ ಅಭ್ಯಾಸವನ್ನು ಇಲ್ಲಿ ತಂದರೆ ಅಪಾಯ.

ಇನ್ನು ನಂಬರಿನ ಮೋಸ ನೋಡಿ. 900 ಎಕ್ಸ್‌ಪಿಗಿಂತ ಹಾಕರ್ 1000 ಹೊಸದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲ, 1000 ಹಾರಿದ್ದು 1990ರಲ್ಲಿ, 52 ಮಾತ್ರ ತಯಾರಾದವು. ಉದ್ದ ಹೆಚ್ಚು, ಎಂಜಿನ್ ಗ್ಯಾರೆಟ್‌ನದಲ್ಲ, ಪ್ರ್ಯಾಟ್ ಆ್ಯಂಡ್ ವಿಟ್ನಿ ಕೆನಡಾದ್ದು. ಹಾಕರ್ 400 ಎಕ್ಸ್‌ಪಿ ಇವರ ರಕ್ತಸಂಬಂಧಿಯೇ ಅಲ್ಲ. ಅದು ಜಪಾನಿನ ಮಿತ್ಸುಬಿಷಿ ಡೈಮಂಡ್ ಆಗಿ ಹುಟ್ಟಿ, ಬೀಚ್‌ಜೆಟ್ ಎಂಬ ಹೆಸರಿನಲ್ಲಿ ಬೆಳೆದು, ಕೊನೆಗೆ ಹಾಕರ್ ಮನೆಗೆ ಬಂದದ್ದು. ಹಾಕರ್ 4000 ಇನ್ನೂ ಬೇರೆ, ಅದರ ಒಡಲು ಲೋಹದ್ದಲ್ಲ, ಕಾರ್ಬನ್ ನಾರಿನ ಪದರಗಳದ್ದು. ಅಂಗಡಿ ಬೋರ್ಡು ಒಂದೇ ಎಂದು ಮಾಲು ಒಂದೇ ಆಗುವುದಿಲ್ಲ.

ಇಷ್ಟು ಬಾಯಿಪಾಠ ಮಾಡಿದರೆ ಸಾಕೇ? ಸಾಲದು. 800 ಎಕ್ಸ್‌ಪಿ ಎಂಬ ಒಂದೇ ಹೆಸರಿನೊಳಗೆ ಮೊದಲಿನ ವಿಮಾನಗಳಲ್ಲಿ ಹನಿವೆಲ್‌ನ ದಪ್ಪ ಪರದೆಗಳಿದ್ದವು, ಕೊನೆಯವುಗಳಲ್ಲಿ ಕಾಲಿನ್ಸ್‌ನ ಪ್ರೊ ಲೈನ್ 21 ಎಂಬ ತೆಳು ಪರದೆಗಳು. ಒಂದರಲ್ಲಿ ಕಲಿತ ಪೈಲಟ್ ಇನ್ನೊಂದರಲ್ಲಿ ಕೂತರೆ ಕಣ್ಣು ಎಲ್ಲಿಗೆ ಹೋಗಬೇಕೆಂದು ಹುಡುಕುತ್ತದೆ. ಎತ್ತರದ ಲೆಕ್ಕವೂ ಹಾಗೆಯೇ. 29,000 ಅಡಿಯಿಂದ 41,000 ಅಡಿಯವರೆಗೆ ಒಂದರ ಮೇಲೊಂದು ವಿಮಾನ ಸಾವಿರ ಅಡಿ ಅಂತರದಲ್ಲಿ ಹಾರುವ ಪದ್ಧತಿ ನಮ್ಮ ಆಕಾಶದಲ್ಲಿ 2003ರ ನವೆಂಬರ್‌ನಲ್ಲಿ ಬಂತು. ಅದಕ್ಕೆ ತಕ್ಕ ಎತ್ತರಮಾಪಕ, ಅದಕ್ಕೆ ತಕ್ಕ ಅನುಮತಿ ಬೇಕು. ಅದಿಲ್ಲದ ಹಳೆಯ ಜೆಟ್ ಕೆಳಗೆ ದಪ್ಪ ಗಾಳಿಯಲ್ಲಿ ಹಾರಿ ಇಂಧನ ಸುಡಬೇಕು. ಮಾಡೆಲ್ ಒಂದೇ, ಒಂದಕ್ಕೆ ಮೇಲಿನ ದಾರಿ, ಒಂದಕ್ಕೆ ಕೆಳಗಿನ ದಾರಿ.

ಹಾಗಾಗಿ ನಮ್ಮ ಕೆಲಸದಲ್ಲಿ ಕೊನೆಯ ಮಾತು ವಿಮಾನದ ಸೀರಿಯಲ್ ನಂಬರಿನದ್ದು. ಬಿಡಿಭಾಗಗಳ ಪಟ್ಟಿಯ ಪುಸ್ತಕದಲ್ಲಿ ಪ್ರತಿಯೊಂದು ಭಾಗದ ಎದುರಿಗೂ ಇದು ಯಾವ ಸೀರಿಯಲ್‌ನಿಂದ ಯಾವ ಸೀರಿಯಲ್‌ವರೆಗೆ, ಯಾವ ಮಾರ್ಪಾಡು ಆದದ್ದಕ್ಕೆ, ಯಾವುದು ಆಗದ್ದಕ್ಕೆ ಎಂದು ಬರೆದಿರುತ್ತದೆ. ಭಾಗದ ನಂಬರಿನ ಕೊನೆಯಲ್ಲಿ ಗೆರೆ ಎಳೆದು ಒಂದು ಅಂಕೆ ಇರುತ್ತದೆ, ಡ್ಯಾಶ್ ನಂಬರ್ ಅನ್ನುತ್ತೇವೆ. ಮೊದಲಿನ ಎಲ್ಲ ಅಂಕೆ ಸರಿ ಇದ್ದು ಅದೊಂದು ಬೇರೆಯಾದರೂ ಪುಸ್ತಕ ಒಪ್ಪುವವರೆಗೆ ಅದು ಬೇರೆ ವಸ್ತು.

ಒಮ್ಮೆ ಸಂಜೆ ಹೊತ್ತು ಬೇರೆ ರಾಜ್ಯದಿಂದ ಫೋನ್ ಬಂತು. ರೋಗಿಯನ್ನು ಕರೆದೊಯ್ಯಬೇಕಾದ ವಿಮಾನ ಕೆಟ್ಟು ನಿಂತಿದೆ, ಹಾಕರ್ 800ರ ಇಂಥ ಭಾಗ ನಿಮ್ಮಲ್ಲಿ ಇದೆಯಂತೆ, ಈಗಲೇ ಕಳಿಸಿ ಎಂದರು. ಭಾಗ ನನ್ನ ಕಪಾಟಿನಲ್ಲೇ ಇತ್ತು. ಸೀರಿಯಲ್ ನಂಬರ್ ಕೇಳಿದೆ. ವಿಮಾನದ ಫೋಟೊ ಕಳಿಸಿದರು. ಫೋಟೊ ಬೇಡ, ಡೇಟಾ ಪ್ಲೇಟಿನಲ್ಲಿರುವ ನಂಬರ್ ಓದಿ ಹೇಳಿ ಅಂದೆ. ಆ ಕಡೆಯಿಂದ ಬೈಗುಳವೇ ಬಂತು. ಇಲ್ಲಿ ಒಬ್ಬರ ಜೀವ ಹೋಗುತ್ತಿದೆ, ನೀನು ನಂಬರ್ ಕೇಳುತ್ತಿದ್ದೀಯ ಎಂದು. ಕೊನೆಗೆ ನಂಬರ್ ಕೊಟ್ಟರು. ಅದು 800 ಅಲ್ಲ, 800 ಎಕ್ಸ್‌ಪಿ. ನಮ್ಮಲ್ಲಿದ್ದ ಭಾಗದ ಡ್ಯಾಶ್ ನಂಬರ್ ಆ ಸೀರಿಯಲ್‌ಗೆ ಇಲ್ಲ. "ಬೋಲ್ಟಿನ ತೂತುಗಳೆಲ್ಲ ಒಂದೇ ಅಲ್ಲವಾ, ಕೂರುತ್ತದಲ್ಲ" ಎಂದರು. ಕೂರುತ್ತದೆ, ಪ್ಲಗ್ ಕೂಡ ಸೇರುತ್ತದೆ. ತಪ್ಪು ಭಾಗ ಕೂರದೇ ಹೋದರೆ ಯಾವ ಭಯವೂ ಇಲ್ಲ, ಭಯವಿರುವುದು ಸರಿಯಾಗಿ ಕೂರುವ ತಪ್ಪು ಭಾಗದ ಬಗ್ಗೆ. ನಮ್ಮ ಲೈಸೆನ್ಸ್ ಇರುವ ಎಂಜಿನಿಯರ್ ಪುಸ್ತಕ ನೋಡಿ ಆಗುವುದಿಲ್ಲ ಅಂದರು. ಸರಿಯಾದ ಭಾಗ ಮುಂಬೈಯಿಂದ ಮರುದಿನ ಬೆಳಿಗ್ಗೆ ಸಿಕ್ಕಿತು, ವಿಮಾನ ಮಧ್ಯಾಹ್ನ ಹೊರಟಿತು. ಆ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ರೋಗಿಯ ಮನೆಯವರು ಹೊರಗೆ ಕಾದು ಕೂತಿರುತ್ತಾರಲ್ಲ, ಅವರಿಗೆ ಡ್ಯಾಶ್ ನಂಬರ್ ಅಂದರೆ ಏನು ಗೊತ್ತು? ಆದರೂ ಇನ್ನೊಮ್ಮೆ ಅಂಥ ಫೋನ್ ಬಂದರೂ ನಾನು ಕೇಳುವುದು ಅದೇ ನಂಬರ್.

ಇದೆಲ್ಲ ಮಾಲಗಾಂವಕ್ಕೆ ಯಾಕೆ ಎನ್ನಬೇಡಿ. ಅಲ್ಲಿಗೆ ಹತ್ತಿರ ವಿಮಾನ ಇಳಿಯುವ ಜಾಗ ಕೊಲ್ಲಾಪುರ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಲ್ಲಿನ ರನ್‌ವೇ ಮೊದಲು 1,370 ಮೀಟರ್ ಇತ್ತು, ಈಚೆಗೆ 1,930 ಮೀಟರ್ ಮಾಡಿದರು. ಒಂದು 800 ಎಕ್ಸ್‌ಪಿ ಪೂರ್ತಿ ಭಾರದಲ್ಲಿ ಮೇಲೇಳಲು ಸಮುದ್ರ ಮಟ್ಟದಲ್ಲಿ, ತಂಪು ಹವೆಯಲ್ಲೇ ಸುಮಾರು 1,530 ಮೀಟರ್ ಬೇಕು. ಎತ್ತರ ಮತ್ತು ಏಪ್ರಿಲ್ ಬಿಸಿಲು ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಹಳೆಯ ರನ್‌ವೇಯಲ್ಲಿ ಇಂಥ ವಿಮಾನ ಇಂಧನ ಕಡಿಮೆ ತುಂಬಿಯೇ ಏಳಬೇಕಿತ್ತು. ಎಂಜಿನ್ ಯಾವ ಡ್ಯಾಶ್, ಬ್ರೇಕು ಯಾವುದು, ರಿವರ್ಸರ್ ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳು ಇಂಥ ಸಣ್ಣ ನಿಲ್ದಾಣದಲ್ಲೇ ದೊಡ್ಡದಾಗುವುದು. ಹಳೆಯ ಬಜ್ಪೆಯ 1,615 ಮೀಟರಿನ ರನ್‌ವೇ ನೋಡಿದ ನಮ್ಮ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ಹುಡುಗರ ವಿಷಯ. ವಿಮಾನ ರಿಪೇರಿಯ ಲೈಸೆನ್ಸ್ ಕೊಡುವುದು ಡಿಜಿಸಿಎ, ಸಿಎಆರ್-66 ಎಂಬ ನಿಯಮದ ಪ್ರಕಾರ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಅಥವಾ ಎಂಜಿನಿಯರಿಂಗ್ ಡಿಪ್ಲೊಮಾದವರು ಸೇರಬಹುದು. ಬಿ1 ಎಂದರೆ ಎಂಜಿನ್ ಮತ್ತು ಒಡಲಿನ ಕೆಲಸ, ಬಿ2 ಎಂದರೆ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್. ಇಲ್ಲಿಯವರೆಗೆ ಕಾಲೇಜಿನವರು ಚೆನ್ನಾಗಿ ಹೇಳುತ್ತಾರೆ. ಮುಂದಿನದ್ದನ್ನು ಮೆಲ್ಲಗೆ ಹೇಳುತ್ತಾರೆ. ಪರೀಕ್ಷೆ ಪಾಸಾದರೆ ಸಾಲದು, ಹಾರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವ ತೋರಿಸಬೇಕು. ಆಮೇಲೂ ಬರೀ ಲೈಸೆನ್ಸ್ ಇದ್ದರೆ ದೊಡ್ಡ ವಿಮಾನಕ್ಕಾಗಲಿ ಜೆಟ್‌ಗಾಗಲಿ "ಇದು ಹಾರಲು ಸರಿ ಇದೆ" ಎಂದು ಸಹಿ ಹಾಕುವ ಹಾಗಿಲ್ಲ. ಯಾವ ವಿಮಾನ, ಅದರಲ್ಲಿ ಯಾವ ಎಂಜಿನ್ ಎಂಬ ಜೋಡಿಯನ್ನು ಲೈಸೆನ್ಸಿನಲ್ಲಿ ಬರೆಸಿಕೊಳ್ಳಬೇಕು. ಅದಕ್ಕೆ ಬೇರೆ ತರಬೇತಿ, ಬೇರೆ ಖರ್ಚು. ಸಂಬಳ ಏರುವುದು ಆ ಸಹಿಯಿಂದ.

ಆದ್ದರಿಂದ ಫೀಸು ಕಟ್ಟುವ ಮೊದಲು ಕೇಳಿ. ಸಂಸ್ಥೆಗೆ ಸಿಎಆರ್-147 ಮಾನ್ಯತೆ ಇದೆಯೇ? ಅವರ ಬ್ರೋಷರ್ ನೋಡಬೇಡಿ, ಡಿಜಿಸಿಎ ಪಟ್ಟಿಯಲ್ಲೇ ನೋಡಿ. ಯಾವ ವಿಭಾಗಕ್ಕೆ ಮಾನ್ಯತೆ? ಪ್ರಾಯೋಗಿಕ ತರಬೇತಿ ಯಾವ ಹ್ಯಾಂಗರ್‌ನಲ್ಲಿ, ಯಾವ ವಿಮಾನದ ಮೇಲೆ, ಅದು ಹಾರುವ ವಿಮಾನವೋ ಶೆಡ್ಡಿನಲ್ಲಿ ನಿಲ್ಲಿಸಿದ್ದೋ? ಟೈಪ್ ತರಬೇತಿಯ ಖರ್ಚು ಈ ಫೀಸಿನಲ್ಲಿ ಸೇರಿದೆಯೇ, ಆಮೇಲೆ ಬೇರೆ ಕಟ್ಟಬೇಕೇ? "ವಿಮಾನದ ಎಂಜಿನಿಯರ್ ಆಗುತ್ತಾನೆ" ಎಂಬ ಮಾತು ಬರೀ "ಅಡಿಕೆ" ಎಂದು ಬರೆದ ಚೀಟಿಯಂಥದ್ದು. ದರ ಕಟ್ಟುವ ಮೊದಲು ಯಾವ ಅಡಿಕೆ ಎಂದು ಕೇಳಲೇಬೇಕು.

ಈ ಪ್ರಶ್ನೆಗಳನ್ನೆಲ್ಲ ಬರೆದು ಅಕ್ಕನ ಮಗನಿಗೆ ಕಳಿಸಿದೆ. ಎರಡು ಸಂಸ್ಥೆಗಳಿಗೆ ಹೋಗಿ ಕೇಳಿ ಬಂದ. ಒಂದು ಕಡೆ ಕೊನೆಯ ಎರಡು ಪ್ರಶ್ನೆಗೆ ಉತ್ತರ ಸಿಗಲಿಲ್ಲವಂತೆ, ಅದನ್ನು ಅವನೇ ಬಿಟ್ಟ. ಆಮೇಲೊಂದು ದಿನ ಕೊಲ್ಲಾಪುರಕ್ಕೆ ಹೋದವನು ಬೇಲಿಯಾಚೆ ನಿಂತ ಬಿಳಿ ಜೆಟ್ಟಿನ ಫೋಟೊ ತೆಗೆದು ಕಳಿಸಿದ. ಕೆಳಗೆ ಬರೆದಿದ್ದ, "ಮಾಮ, ಹಾಕರ್. ರೆಕ್ಕೆ ತುದಿ ಮೇಲೆ ಬಾಗಿದೆ. 850 ಅಥವಾ 900 ಇರಬೇಕು. ಎಂಜಿನ್ನಿನ ನಂಬರ್ ನೋಡದೆ ಹೇಳಲಾರೆ." ಇಪ್ಪತ್ತು ವರ್ಷ ಈ ಕೆಲಸದಲ್ಲಿರುವವರೂ ಆ ದೂರದಿಂದ ನಿಂತು ಅದಕ್ಕಿಂತ ಹೆಚ್ಚು ಹೇಳಲಾರರು.

ಆ ರಾತ್ರಿ ಉಪ್ಪನಿಗೆ ಫೋನ್ ಮಾಡಿ, ಹುಡುಗ ಓದಲಿ, ಒಂದು ಶಟರ್ ಕೊಡಬಹುದು ಅಂದೆ.

"ಕೊಡುವುದು ಅಂದರೆ ಏನು ಮೋನೆ?" ಅಂದರು. "ಬಾಡಿಗೆಗೋ, ಕ್ರಯಕ್ಕೋ? ಅದನ್ನು ಮೊದಲು ಸರಿಯಾಗಿ ಹೇಳು."

ಬಾಡಿಗೆಗೆ ಅಂದೆ. ಮುಂಗಡದ ಹಣದಲ್ಲಿ ಮೊದಲ ವರ್ಷದ ಫೀಸು ಆಗುತ್ತದೆ. ಉಳಿದದ್ದಕ್ಕೆ ನಾನಿದ್ದೇನೆ.